ಅರ್ಧ ಕಥೆಯಲ್ಲಿ ಬಂದವನ ಕೈಯ ಕೋವಿ

ಓದುಗರ ಪತ್ರ: ನಾನು ಕೊಡಗಿನವನು, ಸೇನೆಯಲ್ಲಿ ಸುಬೇದಾರನಾಗಿ ನಿವೃತ್ತನಾದವನು. ಮಗ ಹನ್ನೊಂದು ವರ್ಷಗಳಿಂದ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿದ್ದಾನೆ. ಗ್ರೀನ್ ಕಾರ್ಡ್ ಬಂದ ಮೇಲೆ ಪಿಸ್ತೂಲು ಕೊಂಡ. ಈಗ ತರಕಾರಿ ತರಲು ಹೋಗುವಾಗಲೂ ಅದು ಸೊಂಟದಲ್ಲಿರುತ್ತದೆ. ‘ಕಣ್ಣೆದುರು ಯಾರನ್ನೋ ಕೊಲ್ಲುತ್ತಿದ್ದರೆ ನೋಡಿಕೊಂಡು ನಿಲ್ಲಲೇ ಅಪ್ಪಾ?’ ಎನ್ನುತ್ತಾನೆ. ಸೊಸೆಗೆ ಹೆದರಿಕೆ. ನನಗೆ ಅವನ ಮಾತೇ ಸರಿ ಎನಿಸುತ್ತದೆ. ಬಹಳ ಹಿಂದೆ ಕಾಡುಹಂದಿ ಬಾರದಂತೆ ಕಾಯಲು ಹೋಗಿದ್ದ ಒಂದು ರಾತ್ರಿ, ಪಕ್ಕದ ತೋಟದ ಆಳುಗಳ ಲೈನ್ ಮನೆಯಲ್ಲಿ ಗಂಡನೊಬ್ಬ ಹೆಂಡತಿಯನ್ನು ಕತ್ತಿ ಹಿಡಿದು ಅಟ್ಟಿಸಿಕೊಂಡು ಬಂದಾಗ, ನಾನೇ ಆಕಾಶಕ್ಕೆ ಒಂದು ಗುಂಡು ಹಾರಿಸಿ ಅವಳನ್ನು ಉಳಿಸಿದ್ದೆ. ತಾವು ಏನು ಹೇಳುತ್ತೀರಿ? (ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ.)

ಸುಬೇದಾರರೇ, ನಮಸ್ಕಾರ.

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಬಂದ ದಿನವೇ ಒಂದು ಉತ್ತರ ಬರೆದಿದ್ದೆ. ‘ಪಿಸ್ತೂಲು ಮಾರಿಬಿಡಲು ಹೇಳಿ’ ಎಂಬುದು ಅದರ ಸಾರ. ಮರುದಿನ ಓದಿದಾಗ ಕೋವಿ ಮುಟ್ಟದ ಬಯಲುಸೀಮೆಯವನ ಉಪದೇಶದಂತೆ ಕಂಡಿತು, ಹರಿದು ಹಾಕಿದೆ. ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸುವ, ಮನೆಯಲ್ಲಿ ಸಾವಾದರೆ ಜೋಡಿ ಗುಂಡು ಹಾರಿಸಿ ಊರಿಗೆ ತಿಳಿಸುವ ಜನರಿಗೆ ಕೋವಿಯ ಬಗ್ಗೆ ನಾನು ಪಾಠ ಹೇಳುವುದು ಉದ್ಧಟತನ. ಆದರೆ ನೀವು ಕೇಳಿರುವುದು ಕೋವಿಯ ಬಗ್ಗೆ ಅಲ್ಲ, ಅಪರಿಚಿತರ ಬಗ್ಗೆ. ಅದರಲ್ಲಿ ನಾನೂ ಒಂದೆರಡು ಬಾರಿ ಎಡವಿದವನು.

ನಿಮ್ಮ ಮಗನ ಪರವಾದ ಸಾಕ್ಷ್ಯವನ್ನೇ ಮೊದಲು ಇಡುತ್ತೇನೆ. ಅದು ಅವನದೇ ರಾಜ್ಯದ್ದು. 2022ರ ಜುಲೈ 17ರಂದು ಗ್ರೀನ್‌ವುಡ್ ಪಟ್ಟಣದ ಮಾಲ್‌ನಲ್ಲಿ ಒಬ್ಬ ರೈಫಲ್ ಹಿಡಿದು ಊಟದ ಅಂಗಳದಲ್ಲಿದ್ದವರ ಮೇಲೆ ಗುಂಡು ಹಾರಿಸತೊಡಗಿದ. ಮೂವರು ಸತ್ತರು. ಗೆಳತಿಯೊಡನೆ ಅಲ್ಲಿಗೆ ಬಂದಿದ್ದ 22 ವರ್ಷದ ಹುಡುಗನೊಬ್ಬ ತನ್ನ ಪಿಸ್ತೂಲು ತೆಗೆದು ಸುಮಾರು ನಲವತ್ತು ಗಜ ದೂರದಿಂದ ಹತ್ತು ಗುಂಡು ಹಾರಿಸಿದ, ಎಂಟು ತಗುಲಿದವು ಎಂದು ಪೊಲೀಸರು ಹೇಳಿದರು. ಕೊಲೆಗಾರ ಮೊದಲ ಗುಂಡು ಹಾರಿಸಿ ಹದಿನೈದೇ ಸೆಕೆಂಡು ಆಗಿತ್ತು. ಹುಡುಗ ಪೊಲೀಸನಲ್ಲ, ಸೈನಿಕನೂ ಅಲ್ಲ; ಗುರಿ ಕಲಿಸಿದ್ದು ಅವನ ಅಜ್ಜ. ಗುಂಡು ಹಾರಿಸುತ್ತಲೇ ಜನರಿಗೆ ತನ್ನ ಹಿಂದಿನಿಂದ ಹೊರಗೆ ಹೋಗಲು ಕೈಸನ್ನೆ ಮಾಡುತ್ತಿದ್ದನಂತೆ. ಇಂಡಿಯಾನಾದಲ್ಲಿ ಪರವಾನಗಿಯಿಲ್ಲದೆ ಪಿಸ್ತೂಲು ಒಯ್ಯುವ ಕಾನೂನು ಜಾರಿಗೆ ಬಂದು ಆಗ ಎರಡು ವಾರ ಕಳೆದಿತ್ತಷ್ಟೆ. ಅವನಿಲ್ಲದಿದ್ದರೆ ಹೆಣಗಳು ಇನ್ನೂ ಬೀಳುತ್ತಿದ್ದವು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಅದಕ್ಕೆ ಒಂದು ವರ್ಷ ಹಿಂದೆ, 2021ರ ಜೂನ್ 21ರಂದು, ಕೊಲೊರಾಡೊ ರಾಜ್ಯದ ಅರ್ವಾಡಾ ಪಟ್ಟಣದಲ್ಲಿಯೂ ಇಂಥದ್ದೇ ನಡೆಯಿತು. ಒಬ್ಬ ಪೊಲೀಸ್ ಅಧಿಕಾರಿಯನ್ನು ಕೊಂದು ಪೇಟೆಯಲ್ಲಿ ಓಡಾಡುತ್ತಿದ್ದವನನ್ನು ಅಂಗಡಿಯೊಳಗಿದ್ದ ನಲವತ್ತರ ವ್ಯಕ್ತಿ ಹೊರಗೆ ಬಂದು ತನ್ನ ಪಿಸ್ತೂಲಿನಿಂದ ಹೊಡೆದುರುಳಿಸಿದ. ಎಲ್ಲರೂ ಒಳಗೆ ಅಡಗಿದ್ದಾಗ ಹೊರಗೆ ಬಂದ ಒಬ್ಬನೇ ಅವನು. ಆಮೇಲೆ ಬಿದ್ದವನ ರೈಫಲನ್ನು ಎತ್ತಿಕೊಂಡ. ಅಷ್ಟರಲ್ಲಿ ಮತ್ತೊಬ್ಬ ಪೊಲೀಸ್ ಅಧಿಕಾರಿ ನೋಡಿದ್ದು ರೈಫಲ್ ಹಿಡಿದು ನಿಂತ ಒಬ್ಬ ಮನುಷ್ಯನನ್ನು. ಗುಂಡು ಹಾರಿತು, ಊರನ್ನು ಉಳಿಸಿದವನು ಸತ್ತ. ಪೊಲೀಸ್ ಇಲಾಖೆಯೇ ಅವನನ್ನು ವೀರನೆಂದು ಕರೆಯಿತು. ಕೊಂದ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಲಿಲ್ಲ.

ಇಬ್ಬರ ಧೈರ್ಯದಲ್ಲೂ ಗುರಿಯಲ್ಲೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಆ ಪೊಲೀಸ್ ಅಧಿಕಾರಿ ಕಥೆಯ ಅರ್ಧದಲ್ಲಿ ಬಂದ, ಅಷ್ಟೇ. ನನ್ನ ಚಿಂತೆಯೂ ಅದೇ ಸುಬೇದಾರರೇ: ಕಣ್ಣು ಕಂಡದ್ದು ಅರ್ಧ ಕಥೆ, ಬೆರಳು ಮಾಡುವುದು ಪೂರ್ತಿ ಕೆಲಸ.

2011ರ ಜನವರಿ 8ರಂದು ಅರಿಜೋನಾದ ಟೂಸಾನ್ ಬಳಿ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಒಂದು ಸೂಪರ್ ಮಾರ್ಕೆಟ್ ಮುಂದೆ ಮತದಾರರನ್ನು ಭೇಟಿಯಾಗುತ್ತಿದ್ದಾಗ ನಡೆದದ್ದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಆರು ಜನ ಸತ್ತರು, ಅವರಲ್ಲಿ ಒಂಬತ್ತು ವರ್ಷದ ಹುಡುಗಿಯೂ ಇದ್ದಳು. ಗಿಫರ್ಡ್ಸ್ ಅವರ ತಲೆಗೆ ಗುಂಡು ಹೊಕ್ಕಿತು, ಬದುಕುಳಿದರು. ಕೊಲೆಗಾರನನ್ನು ನಿಲ್ಲಿಸಿದವರ ಕೈಯಲ್ಲಿ ಆಯುಧವಿರಲಿಲ್ಲ. ಪಿಸ್ತೂಲಿನ ಗುಂಡಿನ ಪೆಟ್ಟಿಗೆಯನ್ನು (ಮ್ಯಾಗಜೀನ್) ಬದಲಿಸಲು ಅವನು ತಡಬಡಿಸಿದಾಗ, ತಲೆಗೆ ಗುಂಡು ತರಚಿದ್ದ ಎಪ್ಪತ್ತು ದಾಟಿದ ನಿವೃತ್ತ ಕರ್ನಲ್ ಒಬ್ಬರು ಮತ್ತು ಇನ್ನಿಬ್ಬರು ಮೂವರು ಅವನನ್ನು ನೆಲಕ್ಕೆ ಒತ್ತಿದರು. ಅರವತ್ತೊಂದರ ಮಹಿಳೆಯೊಬ್ಬರು ಆ ಗುಂಡಿನ ಪೆಟ್ಟಿಗೆಯನ್ನು ಕಿತ್ತುಕೊಂಡರು. ಆಗಲೇ ಪಕ್ಕದ ಔಷಧಿ ಅಂಗಡಿಯಿಂದ ಒಬ್ಬ ಯುವಕ ಓಡಿ ಬಂದ, ಜೇಬಿನೊಳಗೆ ಪಿಸ್ತೂಲಿನ ಮೇಲೆ ಕೈಯಿಟ್ಟುಕೊಂಡು. ಎದುರಿಗೆ ಕಂಡದ್ದು ಪಿಸ್ತೂಲು ಹಿಡಿದು ನಿಂತ ಗಂಡಸು. ಅವನು ಕೊಲೆಗಾರನ ಕೈಯಿಂದ ಆಯುಧ ಕಿತ್ತುಕೊಂಡವನು! ಯುವಕ ಗುಂಡು ಹಾರಿಸಲಿಲ್ಲ, ಮೇಲೆ ಬಿದ್ದು ಮಣಿಕಟ್ಟು ಹಿಡಿದ. ಸುತ್ತಲಿದ್ದವರು ‘ಅವನಲ್ಲ’ ಎಂದು ಕೂಗಿದರು. ತಾನು ಗುಂಡು ಹಾರಿಸದೆ ಉಳಿದದ್ದು ಅದೃಷ್ಟ ಎಂದು ಆಮೇಲೆ ಆತನೇ ಒಪ್ಪಿಕೊಂಡ. ನಿಮ್ಮ ಮಗನಿಗೆ ಓದಲು ಹೇಳಬೇಕಾದದ್ದು ಗ್ರೀನ್‌ವುಡ್ ಹುಡುಗನಿಗಿಂತ ಮೊದಲು ಇವನ ಬಗ್ಗೆ.

ಲಾಸ್ ವೇಗಸ್‌ನ ಅಂಗಡಿಯೊಂದರಲ್ಲಿ 2014ರಲ್ಲಿ ಬಂದೂಕುಧಾರಿಯೊಬ್ಬನನ್ನು ತಡೆಯಹೋದ ಗ್ರಾಹಕನಿಗೆ ಅಂಥ ಅದೃಷ್ಟವಿರಲಿಲ್ಲ. ಆ ಬಂದೂಕುಧಾರಿಯ ಹೆಂಡತಿಯೂ ಆಯುಧ ಹಿಡಿದು ಅಲ್ಲಿಯೇ ಇದ್ದಾಳೆಂದು ಅವನಿಗೆ ತಿಳಿಯಲಿಲ್ಲ. ಅವಳೇ ಅವನನ್ನು ಕೊಂದಳು.

ಇನ್ನೊಂದು ಮಾತು, ಹೇಳಲು ಹಿತವಲ್ಲ. 2018ರ ನವೆಂಬರ್‌ನಲ್ಲಿ ಅಲಬಾಮಾದ ಹೂವರ್ ಪಟ್ಟಣದ ಮಾಲ್‌ನಲ್ಲಿ ಗುಂಡಿನ ಸದ್ದು ಕೇಳಿ ಪಿಸ್ತೂಲು ತೆಗೆದ 21 ವರ್ಷದ ಕಪ್ಪು ಯುವಕನನ್ನು ಪೊಲೀಸ್ ಅಧಿಕಾರಿಯೊಬ್ಬ ಕೊಂದ. ಗುಂಡು ಹಾರಿಸಿದವನು ಅವನೇ ಎಂದು ಮೊದಲು ಪ್ರಕಟಿಸಿದರು, ಮರುದಿನ ಅಲ್ಲವೆಂದರು. ಪಿಸ್ತೂಲು ಹಿಡಿದ ಕೈ ಯಾವ ಬಣ್ಣದ್ದು ಎಂಬುದು ಅಂಥ ದೇಶದಲ್ಲಿ ಅರೆಕ್ಷಣದ ತೀರ್ಮಾನವನ್ನು ಬದಲಿಸುವುದಿಲ್ಲ ಎಂದು ನನಗೆ ಹೇಳಬೇಡಿ. ಇಂಡಿಯಾನಾದ ಪೊಲೀಸನಿಗೆ ನಿಮ್ಮ ಮಗ ಸುಬೇದಾರರ ಮನೆಯವನೆಂದು ಗೊತ್ತಿರುವುದಿಲ್ಲ.

ಕಾನೂನು ಏನನ್ನುತ್ತದೆ ಎಂದೂ ಕೇಳಿದ್ದೀರಿ ಎಂದುಕೊಳ್ಳುತ್ತೇನೆ. ಇಂಡಿಯಾನಾದಲ್ಲಿ ಇನ್ನೊಬ್ಬರ ಪ್ರಾಣ ಉಳಿಸಲು ಮಾರಕ ಬಲ ಬೇಕೇ ಬೇಕೆಂಬ ನಂಬಿಕೆ ಸಮಂಜಸವಾಗಿದ್ದರೆ ಅದನ್ನು ಬಳಸಲು ಅವಕಾಶವಿದೆ. ಹಿಂದೆ ಕೆಲವು ರಾಜ್ಯಗಳಲ್ಲಿ ಹೀಗಿರಲಿಲ್ಲ. ನ್ಯೂಯಾರ್ಕಿನಲ್ಲಿ 1958ರಲ್ಲಿ ಇಬ್ಬರು ನಡುವಯಸ್ಸಿನವರು ಒಬ್ಬ ಹದಿನೆಂಟರ ಹುಡುಗನನ್ನು ಎಳೆದಾಡುತ್ತಿರುವುದನ್ನು ಕಂಡ ದಾರಿಹೋಕನೊಬ್ಬ ಹುಡುಗನ ನೆರವಿಗೆ ನುಗ್ಗಿದ. ಅವರಿಬ್ಬರೂ ಸಾದಾ ಉಡುಪಿನ ಪತ್ತೇದಾರರು, ಹುಡುಗನನ್ನು ಬಂಧಿಸುತ್ತಿದ್ದರು. ಜಗಳದಲ್ಲಿ ಒಬ್ಬ ಪತ್ತೇದಾರನ ಮಂಡಿಚಿಪ್ಪು ಮುರಿಯಿತು. ಒಳ್ಳೆಯ ಉದ್ದೇಶವಿದ್ದರೂ ತಪ್ಪಿತಸ್ಥನೇ ಎಂದು 1962ರಲ್ಲಿ ರಾಜ್ಯದ ಉನ್ನತ ನ್ಯಾಯಾಲಯ ಹೇಳಿತು. ಯಾರ ಪರ ನಿಂತೆಯೋ ಅವನಿಗೆ ಎಷ್ಟು ಹಕ್ಕಿತ್ತೋ ಅಷ್ಟೇ ನಿನಗೂ ಎಂಬುದು ಆಗಿನ ನ್ಯಾಯ. ನಂತರ ಕಾನೂನು ಮೆತ್ತಗಾಯಿತು. ಆದರೂ ಆ ಹಳೆಯ ನ್ಯಾಯದಲ್ಲಿ ಒಂದು ಒರಟು ವಿವೇಕವಿತ್ತು ಎಂದು ನನಗೆ ಅನಿಸುತ್ತದೆ.

ನಮ್ಮಲ್ಲಿ ಭಾರತೀಯ ನ್ಯಾಯ ಸಂಹಿತೆಯ 35ನೆಯ ಕಲಂ ತನ್ನ ದೇಹವನ್ನಷ್ಟೇ ಅಲ್ಲ, ಬೇರೆ ಯಾರದೇ ದೇಹವನ್ನೂ ರಕ್ಷಿಸುವ ಹಕ್ಕು ಕೊಡುತ್ತದೆ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕಿಲ್ಲ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎಂದು 37ನೆಯ ಕಲಂ ಕಡಿವಾಣ ಹಾಕುತ್ತದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ 2029ರವರೆಗೆ ಇದೆ, ಉಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಆದರೆ ಅದು ಇಟ್ಟುಕೊಳ್ಳಲು ಇರುವ ವಿನಾಯಿತಿ.

ಕೋವಿಯಿಲ್ಲದೆಯೂ ಈ ಕೇಡು ನಡೆಯುತ್ತದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದ್ ಕಡೆಯ ಯುವಕರನ್ನು ಮಕ್ಕಳ ಕಳ್ಳರೆಂದು ಮುರ್ಕಿ ಗ್ರಾಮದಲ್ಲಿ ಅಡ್ಡಗಟ್ಟಿ ಹೊಡೆದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಆ ಗುಂಪಿನಲ್ಲಿದ್ದ ಎಷ್ಟೋ ಮಂದಿ ತಾವು ಯಾರದೋ ಮಗುವನ್ನು ಉಳಿಸುತ್ತಿದ್ದೇವೆ ಎಂದೇ ನಂಬಿರಬೇಕು. ನನ್ನನ್ನು ನಿದ್ದೆಗೆಡಿಸುವುದು ಆ ನಂಬಿಕೆ.

ನಾನೇನೂ ದೂರ ನಿಂತು ಹೇಳುತ್ತಿಲ್ಲ. ಇಪ್ಪತ್ತೈದರ ವಯಸ್ಸಿನಲ್ಲಿ ಅರಸೀಕೆರೆ ರೈಲು ನಿಲ್ದಾಣದಲ್ಲಿ, ಅಳುತ್ತಿದ್ದ ಹೆಣ್ಣುಮಗಳೊಬ್ಬಳನ್ನು ದರದರ ಎಳೆದೊಯ್ಯುತ್ತಿದ್ದವನ ಕೊರಳಪಟ್ಟಿ ಹಿಡಿದು ಕೆನ್ನೆಗೆ ಬಾರಿಸಿದೆ. ಅವನು ಅವಳ ಅಣ್ಣ. ಅವಳಿಗೆ ಮಾನಸಿಕ ಕಾಯಿಲೆ, ಹಳಿಗಳ ಕಡೆ ಓಡಿದ್ದಳು. ಅವನು ನನ್ನನ್ನು ಬೈಯಲೂ ಇಲ್ಲ, ‘ಸ್ವಲ್ಪ ಆ ಕಡೆ ಕೈ ಹಿಡಿಯಿರಿ ಸಾರ್’ ಎಂದ. ನನ್ನ ಬಳಿ ಇದ್ದದ್ದು ಅಂಗೈ ಮಾತ್ರ. ಕ್ಷಮೆ ಕೇಳಲು ಸಾಧ್ಯವಾಯಿತು.

ಹಾಗಾದರೆ ಮಗ ಸುಮ್ಮನಿರಬೇಕೇ? ಇಲ್ಲ. ಗ್ರೀನ್‌ವುಡ್‌ನಂತೆ ಒಬ್ಬ ತನ್ನ ಕಣ್ಣೆದುರೇ, ಮೊದಲ ಗುಂಡಿನಿಂದ, ಕಂಡವರನ್ನೆಲ್ಲ ಕೊಲ್ಲುತ್ತಿದ್ದರೆ ಹೊಡೆಯಲಿ. ಕೊಲೆ ನಿಂತ ತಕ್ಷಣ ಆಯುಧ ಕೆಳಗಿಡಲಿ, ಕೈ ಮೇಲೆತ್ತಲಿ, ಬಿದ್ದವನ ಬಂದೂಕನ್ನು ಮುಟ್ಟದಿರಲಿ. ಬೀದಿ ಜಗಳ, ಅಂಗಡಿಯ ದರೋಡೆ, ಯಾರೋ ಯಾರನ್ನೋ ಓಡಿಸಿಕೊಂಡು ಹೋಗುವುದು, ಪಕ್ಕದ ಓಣಿಯಿಂದ ಕೇಳಿದ ಚೀರಾಟ, ಇವೆಲ್ಲಕ್ಕೂ ಫೋನು, ಗಂಟಲು, ಎರಡು ಕಾಲು. ಪಿಸ್ತೂಲು ಇದ್ದಲ್ಲೇ ಇರಲಿ. ಸೊಂಟದಲ್ಲಿ ಅದನ್ನು ಹೊರುವವನು ಗಾಯಕ್ಕೆ ಬಿಗಿಯಾಗಿ ಕಟ್ಟುವ ಪಟ್ಟಿಯೊಂದನ್ನೂ ಜೇಬಿನಲ್ಲಿಟ್ಟುಕೊಂಡು, ಅದನ್ನು ಕಟ್ಟುವುದನ್ನು ಕಲಿತಿದ್ದಾನೆಯೇ ಎಂದು ಕೇಳಿ ನೋಡಿ. ಅದಕ್ಕೆ ಅವನು ಕೊಡುವ ಉತ್ತರದಿಂದ ಉಳಿದದ್ದು ನಿಮಗೆ ತಿಳಿಯುತ್ತದೆ. ಸೊಸೆಯ ಹೆದರಿಕೆಯನ್ನು ಹಗುರವಾಗಿ ಕಾಣಬೇಡಿ, ಆ ಮನೆಯಲ್ಲಿ ಲೆಕ್ಕ ಹಾಕುತ್ತಿರುವವರು ಅವರೊಬ್ಬರೇ ಇರಬಹುದು.

ಇನ್ನು ನಿಮ್ಮ ಲೈನ್ ಮನೆಯ ರಾತ್ರಿ. ಅದನ್ನು ಮಗನಿಗೆ ಮಾದರಿಯಾಗಿ ಹೇಳುವಾಗ ಒಂದನ್ನು ಬಿಟ್ಟಿದ್ದೀರಿ: ಪಕ್ಕದ ತೋಟದ ಆಳುಗಳು ನಿಮಗೆ ಅಪರಿಚಿತರಾಗಿರಲಿಲ್ಲ. ಕತ್ತಿ ಯಾರದು, ಕುಡಿದಿರುವವನು ಯಾರು, ಓಡುತ್ತಿರುವವಳು ಯಾರ ಹೆಂಡತಿ, ಎಲ್ಲವೂ ಕತ್ತಲಲ್ಲೇ, ದನಿಯಿಂದಲೇ ತಿಳಿದಿತ್ತು. ಅಂಥ ತಿಳಿವಳಿಕೆ ಮಾಲ್‌ನಲ್ಲಿ ಯಾರಿಗೂ ಸಿಗುವುದಿಲ್ಲ. (ಆಕಾಶಕ್ಕೆ ಹಾರಿಸಿದ ಗುಂಡು ಕೆಳಗೆ ಬಂದೇ ಬರುತ್ತದೆ ಎಂದು ಸೈನಿಕರಿಗೆ ಹೇಳಬೇಕಿಲ್ಲ.)

ಪತ್ರವನ್ನು ನಾಲ್ಕು ಸಲ ಓದಿದೆ. ಗುಂಡು ಹಾರಿಸಿದಿರಿ, ಅವನು ನಿಂತ, ಅವಳು ಉಳಿದಳು ಎಂಬಲ್ಲಿಗೆ ನಿಲ್ಲಿಸಿದ್ದೀರಿ. ಮರುದಿನ ಬೆಳಿಗ್ಗೆ ಅವಳು ಎಲ್ಲಿದ್ದಳು? ಅದೇ ಲೈನ್ ಮನೆಗೆ, ಅದೇ ಗಂಡನ ಬಳಿಗೆ ಹೋದಳೇ? ನಿಮಗೆ ಗೊತ್ತಿದ್ದರೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಇತಿ,
ಸಂಪಾದಕ