ರಾಯಚೂರಾಗ ಕೂತು ಅಪ್ಲೈಡ್ ರಿಸರ್ಚ್ ಮಾಡಾಕ ಆಗ್ತದೇನು? ಅಗ್ರಿ ಇಂಜಿನಿಯರಿಂಗ್, ಡೆಂಟಲ್, ಮೆಡಿಕಲ್ ಮೂರೂ ಸೇರಿಸಿ?

ನೀವು ಕೇಳಿದ್ದು ಇಷ್ಟು: ನೀವು ರಾಯಚೂರಾಗ ಅಗ್ರಿಕಲ್ಚರಲ್ ಇಂಜಿನಿಯರಿಂಗ್ ಕೊನೇ ವರ್ಷ, ತಂಗಿ ಬಿಡಿಎಸ್, ಗೆಳೆಯ ಎಂಬಿಬಿಎಸ್. ಮೂರೂ ಮಂದಿ ಸೇರಿ ನಮ್ಮ ಕಡೆ ಜನಕ್ಕ ಉಪಯೋಗ ಆಗೋದು ಏನಾರ ಮಾಡೋಣ ಅಂದ್ರ ನಿಮ್ಮ ಸರ್ "ಫ್ಲೋರೈಡ್ ಮ್ಯಾಲ ಎಲ್ಲಾ ಆಗಿ ಹೋಗೇತಿ, ಬ್ಯಾರೆ ಟಾಪಿಕ್ ನೋಡ್ರಿ" ಅಂದಾರ. ಇದು ಖರೇನಾ ಅಂತ ಕೇಳೀರಿ.

ಅರ್ಧ ಖರೆ. ನಾನು ಡೆಂಟಿಸ್ಟ್, ಓದಿದ್ದು ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿ, ಊರು ಕುಷ್ಟಗಿ ತಾಲೂಕು, ಈಗ ಇರೋದು ಸಿಂಧನೂರು ಕಡೆ. ಫ್ಲೋರೈಡ್ ಅಂದ್ರ ನೆಲದ ನೀರಾಗ ಕರಗಿರೋದು, ಜಾಸ್ತಿ ಆದ್ರ ಹಲ್ಲು ಎಲುಬು ಕೆಡಿಸ್ತೈತಿ. ನೀರಾಗ ಅದು ಎಷ್ಟೈತಿ ಅಂತ ಬೋರ್‌ವೆಲ್ ಬೋರ್‌ವೆಲ್ ಅಲೆದು ಟೇಬಲ್ ಹಾಕಿದ ಪೇಪರ್ ಬೇಕಾದಷ್ಟು ಅದಾವ, ಅಂಥದ್ದು ಇನ್ನೊಂದು ಬರದ್ರ ಯಾರಿಗೂ ಉಪಯೋಗಿಲ್ಲ. ಆದ್ರ ಆ ನೀರು ಯಾರ ಹೊಟ್ಟಿಗೆ ಎಷ್ಟು ಹೋಗ್ತೈತಿ, ಯಾವ ಟೈಮಿನಾಗ ಹೋಗ್ತೈತಿ, ಊರಾಗ ಫಿಲ್ಟರ್ ಕುಂದ್ರಿಸಿದ ಮ್ಯಾಲ ಮಕ್ಕಳ ಹಲ್ಲು ನಿಜವಾಗ್ಲೂ ಸುಧಾರ್ಸೇತೋ ಇಲ್ಲೋ, ಇದನ್ನ ಕೇಳೋರು ಭಾಳ ಕಡಿಮಿ. ಇದಕ್ಕ ನಿಮ್ಮಂಗ ಮೂರು ಕಡೆಯವ್ರು ಸೇರ್ಲೇಬೇಕು, ಒಬ್ಬರ ಕೈಲೆ ಆಗಂಗಿಲ್ಲ. ಅದಕ್ಕ ನಾನಾದ್ರ ಟಾಪಿಕ್ ಬಿಡಬ್ಯಾಡ್ರಿ ಅಂತೀನಿ, ಪ್ರಶ್ನೆ ಬದಲು ಮಾಡ್ರಿ ಸಾಕು.

ಮೊದ್ಲು ಹಿನ್ನೆಲೆ ಸ್ವಲ್ಪ, ಗೊತ್ತಿದ್ರ ಮುಂದಕ್ಕ ಹೋಗ್ರಿ. ನಮ್ಮ ಕಡೆ ನೆಲದ ಕೆಳಗ ಗ್ರಾನೈಟು, ನೈಸ್ ಕಲ್ಲು. ಅದ್ರಾಗಿನ ಫ್ಲೋರೈಟ್, ಅಪಟೈಟ್, ಬಯೋಟೈಟ್ ಇಂಥಾ ಖನಿಜದಿಂದ ಫ್ಲೋರೈಡ್ ನೀರಿಗೆ ಬಿಡ್ತೈತಿ, ನೀರಾಗ ಬೈಕಾರ್ಬೊನೇಟ್ ಜಾಸ್ತಿ ಕ್ಯಾಲ್ಸಿಯಂ ಕಡಿಮಿ ಇದ್ರ ಇನ್ನೂ ಜಾಸ್ತಿ ಬಿಡ್ತೈತಿ. ಹೊಳಿ ನೀರಾಗ ಈ ತ್ರಾಸಿಲ್ಲ. ಹಂಗಾಗಿ ತುಂಗಭದ್ರಾ ಎಡದಂಡೆ ಕಾಲುವಿ ನೀರು ಕುಡಿಯೋ ಊರಿಗೂ ಕುಷ್ಟಗಿ, ಯಲಬುರ್ಗಾ ಕಡೆ ಬೋರ್ ನಂಬಿದ ಊರಿಗೂ ಹಲ್ಲಿನಾಗ ಫರಕ್ ಕಾಣ್ತೈತಿ. ಬಿಐಎಸ್ (ನಮ್ಮ ದೇಶದ ಗುಣಮಟ್ಟದ ಸಂಸ್ಥೆ) ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರ್ಬೇಕು, ಬ್ಯಾರೆ ನೀರ ಇಲ್ಲ ಅಂದ್ರ 1.5 ತನಕ ನಡೀತೈತಿ. ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯೂಎಚ್‌ಒ) ಕೂಡ 1.5 ಅಂತೈತಿ.

ಒಂದು ಮಾತು ನಡುವ. ಹಳೇ ಮಂದಿ "ಕೆರಿ ನೀರು ಕುಡಿಯೋವಾಗ ಇದೆಲ್ಲಾ ಇದ್ದಿಲ್ಲ" ಅಂತಾರ. ಖರೆ, ಆದ್ರ ಆಗ ನಾರುಹುಣ್ಣು ಇತ್ತು. ಮೆಟ್ಟಿಲ ಬಾವಿ ಕೆರಿ ನೀರಿನಿಂದ ಕಾಲಾಗ ದಾರದಂಥಾ ಹುಳ ಬರೋದು, ಅದನ್ನ ಕಡ್ಡಿಗೆ ಸುತ್ತಿ ಸುತ್ತಿ ತೆಗಿಯೋದು, ಅಜ್ಜಂದಿರನ್ನ ಕೇಳಿದ್ರ ಹೇಳ್ತಾರ. ಹ್ಯಾಂಡ್‌ಪಂಪು ಬಂದಿದ್ದೂ ಆ ರೋಗ ಹೋಗಾಕ ಒಂದು ಕಾರಣ, 2000ದಾಗ ಭಾರತಕ್ಕ ನಾರುಹುಣ್ಣು ಇಲ್ಲ ಅಂತ ಸರ್ಟಿಫಿಕೇಟೂ ಸಿಕ್ತು. ಅದಕ್ಕ ಬೋರ್‌ವೆಲ್ ಹೊಡಿಸಿದವ್ರನ್ನ ಬಯ್ಯೋ ರಿಪೋರ್ಟ್ ಬರೀಬ್ಯಾಡ್ರಿ, ಹಂಗ ಬರೆಯೋರು ಅದಾರ, ನನಗ ಸಿಟ್ಟು ಬರ್ತೈತಿ.

ಈಗ ಹಲ್ಲಿನ ವಿಷಯಕ್ಕ ಬರ್ತೀನಿ, ನನ್ನ ಪ್ರಕಾರ ನಿಮ್ಮ ಪ್ರಾಜೆಕ್ಟಿನ ಜೀವ ಇರೋದ ಇಲ್ಲಿ. ಫ್ಲೋರೋಸಿಸ್ ಅಂದ್ರ ಫ್ಲೋರೈಡ್ ಜಾಸ್ತಿ ಆಗಿ ಬರೋ ತ್ರಾಸ, ಅದರ ಕಲೆ ಹಲ್ಲಿಗೆ ಹೊರಗಿಂದ ಹತ್ತೋದಲ್ಲ. ದವಡಿ ಒಳಗ ಹಲ್ಲಿನ ಎನಾಮಲ್ (ಮ್ಯಾಲಿನ ಗಟ್ಟಿ ಪದರು) ತಯಾರಾಗೋ ಟೈಮಿನಾಗ ಫ್ಲೋರೈಡ್ ಜಾಸ್ತಿ ಹೋದ್ರ ಎನಾಮಲ್ ಸರಿಯಾಗಿ ಗಟ್ಟಿ ಆಗಂಗಿಲ್ಲ, ಬೆಳ್ಳಗ ಸುಣ್ಣದ ಗೆರಿ ಬರ್ತಾವ, ಆಮ್ಯಾಲ ಅದ ಕಂದು ಆಗ್ತೈತಿ, ಜೋರಿದ್ರ ಕುಣಿ ಬೀಳ್ತಾವ. ಮ್ಯಾಲಿನ ಮುಂದಿನ ಎರಡು ಹಲ್ಲಿನ ಎನಾಮಲ್ ಹುಟ್ಟಿದ ಮೂರ್ನಾಕು ತಿಂಗಳಿಗೆ ಶುರು ಆಗಿ ನಾಕೈದು ವರ್ಷಕ್ಕ ಮುಗೀತೈತಿ, ಬುದ್ಧಿಹಲ್ಲು ಬಿಟ್ಟು ಉಳಿದವು ಎಂಟು ವರ್ಷದ ಹೊತ್ತಿಗೆ ಮುಗೀತಾವ. ಅದರ ಮ್ಯಾಲ ಎಂಥಾ ನೀರು ಕುಡಿದ್ರೂ ಹೊಸಾ ಕಲೆ ಬರಂಗಿಲ್ಲ, ಹಳೇದು ಹೋಗಂಗೂ ಇಲ್ಲ. ಅಂದ್ರ ಏನಾತು, ಹನ್ನೆರಡು ವರ್ಷದ ಹುಡುಗನ ಮುಂದಿನ ಹಲ್ಲು ಅಂದ್ರ ಆ ಊರಿನ ನೀರಿನ ಪಹಣಿ ಇದ್ದಂಗ, ಯಾವ ಕಾಲದಾಗ ಯಾವ ನೀರು ಇತ್ತು ಅಂತ ಅದ್ರಾಗ ಬರ್ದಿರ್ತೈತಿ, ಆದ್ರ ಅದು ಈಗಿನ ನೀರಿಂದಲ್ಲ, ಏಳರಿಂದ ಹನ್ನೆರಡು ವರ್ಷದ ಹಿಂದಿನ ನೀರಿಂದು.

ಇಲ್ಲೇ ಭಾಳ ಥೀಸಿಸ್‌ಗಳು ಎಡವ್ತಾವ. ಇವತ್ತಿನ ಬೋರ್ ನೀರಿನ ರೀಡಿಂಗ್ ತಗೊಂಡು ಇವತ್ತಿನ ಹೈಸ್ಕೂಲ್ ಮಕ್ಕಳ ಹಲ್ಲಿಗೆ ಜೋಡಿಸಿ ಗ್ರಾಫ್ ಹಾಕ್ತಾರ. ಆ ಹುಡುಗ ಚಿಕ್ಕವ ಇದ್ದಾಗ ಅವರವ್ವ ಬ್ಯಾರೆ ಬೋರಿಂದು ನೀರು ತರ್ತಿದ್ಲೋ, ಅಥವಾ ಮನ್ಯಾಗಿನವ್ರೆಲ್ಲಾ ದುಡಿಯಾಕ ಬೆಂಗಳೂರಿಗೆ ಗುಳೆ ಹೋಗಿ ಅಲ್ಲಿ ಶೆಡ್ಡಿನಾಗ ಇದ್ರೋ, ಯಾರೂ ಕೇಳಂಗಿಲ್ಲ. ನಮ್ಮ ಕಡೆ ಗುಳೆ ಹೋಗೋದು ಕೇಳದ ಇದ್ರ ಡೇಟಾನ ಸುಳ್ಳು.

ಹಂಗಾರ ಮಾಡೋದು ಏನು? ನೀರಿನ ಮೂಲ ಬದಲಾದ ಊರು ಹುಡುಕ್ರಿ. ಬೋರ್ ಇದ್ದದ್ದು ಹೊಳಿ ನೀರಿಗೆ ಬದಲಾಗಿದ್ದು, ಅಥವಾ ಶುದ್ಧ ಕುಡಿಯೋ ನೀರಿನ ಘಟಕ ಕುಂತಿದ್ದು. ಯಾವ ವರ್ಷ ಅಂತ ಪಂಚಾಯ್ತಿ ರೆಕಾರ್ಡಿನಾಗ ಸಿಗ್ತೈತಿ. ಅದಕ್ಕಿಂತ ಮೊದ್ಲು ಹುಟ್ಟಿ ಐದು ವರ್ಷ ದಾಟಿದ ಮಕ್ಕಳು ಒಂದು ಗುಂಪು, ಅದಾದ ಮ್ಯಾಲ ಹುಟ್ಟಿದವ್ರು ಇನ್ನೊಂದು ಗುಂಪು, ಅದೇ ಊರು, ಅದೇ ರೊಟ್ಟಿ, ಅದೇ ಬಿಸಿಲು. ಎರಡೂ ಗುಂಪಿನ ಮುಂದಿನ ಹಲ್ಲು ಡೀನ್ಸ್ ಇಂಡೆಕ್ಸ್ (ಕಲೆ ಎಷ್ಟು ಜೋರೈತಿ ಅಂತ ಸ್ಕೋರ್ ಕೊಡೋ ಪಟ್ಟಿ) ಹಚ್ಚಿ ನೋಡ್ರಿ. ಘಟಕ ಕೆಲಸ ಮಾಡಿದ್ರ ಎರಡನೇ ಗುಂಪಿನ ಹಲ್ಲು ಹೇಳ್ತಾವ, ಮಾಡಿಲ್ಲಂದ್ರೂ ಅವೇ ಹೇಳ್ತಾವ. ಉದ್ಘಾಟನೆ ಫೋಟೋ ಎಷ್ಟು ಚಂದ ಇದ್ರೂ ಹಲ್ಲು ಸುಳ್ಳು ಹೇಳಂಗಿಲ್ಲ.

ತಂಗಿಗೆ ಹೇಳ್ರಿ, ನೋಡೋ ಮೊದ್ಲು ಹಲ್ಲು ಗಾಜ್ ಬಟ್ಟಿಲೆ ಒರೆಸ್ಬೇಕು, ಬೆಳಕು ಎಲ್ಲಾ ಮಕ್ಕಳಿಗೂ ಒಂದೇ ಥರ ಇರ್ಬೇಕು, ಮತ್ತ ಇಬ್ಬರು ಬ್ಯಾರೆ ಬ್ಯಾರೆಯಾಗಿ ಅದೇ ಮಕ್ಕಳನ್ನ ನೋಡಿ ಸ್ಕೋರ್ ಹೊಂದ್ತಾವೋ ಇಲ್ಲೋ ಅಂತ ಕಪ್ಪಾ (ಇಬ್ಬರ ಸ್ಕೋರ್ ಎಷ್ಟು ಹೊಂದ್ತಾವ ಅನ್ನೋ ಲೆಕ್ಕ) ತಗೀಬೇಕು. ಹುಡುಗ ಯಾವ ಗುಂಪಿನವ ಅಂತ ನೋಡೋರಿಗೆ ಗೊತ್ತಿರ್ಬಾರ್ದು, ಆದ್ರ ವಯಸ್ಸು ಮುಖದ ಮ್ಯಾಲೇ ಕಾಣ್ತೈತಿ, ಅದಕ್ಕ ಬರೇ ಹಲ್ಲಿನ ಫೋಟೋ ತಗದು ಬ್ಯಾರೆಯವ್ರಿಂದ ಸ್ಕೋರ್ ಮಾಡಿಸಿದ್ರ ಇನ್ನೂ ಚಲೋ. ಗುಟ್ಕಾ ಕಲೆ ಮತ್ತ ಇದಕ್ಕ ಫರಕ್ ತಿಳ್ಕೊಳ್ಳಾಕ ಹೇಳ್ರಿ. ಗುಟ್ಕಾದ್ದು ಒಸಡಿನ ಅಂಚಿಗೆ, ಹಲ್ಲಿನ ಸಂದ್ಯಾಗ ಕುಂದಿರ್ತೈತಿ, ಸ್ಕೇಲಿಂಗ್ ಮಾಡಿದ್ರ ಹೋಗ್ತೈತಿ. ಫ್ಲೋರೋಸಿಸ್ ಅಡ್ಡಡ್ಡ ಪಟ್ಟಿ, ಎಡಕ್ಕೂ ಬಲಕ್ಕೂ ಜೋಡಿ ಹಲ್ಲಿನಾಗ ಒಂದೇ ಥರ, ಎಷ್ಟು ಕೆರೆದ್ರೂ ಹೋಗಂಗಿಲ್ಲ. ಎಲಿ ಅಡಿಕಿ ಮುಟ್ಟದ ಹುಡುಗಿಗೆ ನೋಡಾಕ ಬಂದವ್ರು "ಗುಟ್ಕಾ ತಿಂತಾಳೇನು" ಅಂತ ಕೇಳೋದು ನಮ್ಮ ಕಡೆ ಹೊಸಾದಲ್ಲ, ಅಂಥೋರಿಗೆ ಮೈಕ್ರೋಅಬ್ರೇಷನ್ (ಮ್ಯಾಲಿನ ಪದರು ತೆಳ್ಳಗ ಉಜ್ಜೋದು), ಕಾಂಪೋಸಿಟ್ ವೆನೀರ್ (ಹಲ್ಲಿನ ಬಣ್ಣದ ಹೊದಿಕಿ) ಅದಾವ, ಆದ್ರ ಒಂದು ಊರಿಗೆ ಊರಿಗೇ ವೆನೀರ್ ಹಚ್ಚಾಕ ಆಗ್ತದೇನು?

ಇನ್ನ ನಿಮ್ಮ ಕೆಲಸ, ಇಂಜಿನಿಯರ್ ಕೆಲಸ. ದಯಮಾಡಿ ಭತ್ತದ ಹೊಟ್ಟಿನ ಬೂದಿಲೆ, ಹುಣಸಿ ಬೀಜಲೆ ಫ್ಲೋರೈಡ್ ತೆಗೀತೀನಿ ಅನ್ನೋ ಪ್ರಾಜೆಕ್ಟ್ ತಗೋಬ್ಯಾಡ್ರಿ. ಸಿಂಧನೂರು, ಗಂಗಾವತಿ, ಮಾನ್ವಿ ರೈಸ್ ಮಿಲ್ ಹಿಂದ ಹೊಟ್ಟು ಗುಡ್ಡ ಗುಡ್ಡ ಬಿದ್ದೈತಿ, ಪುಕ್ಕಟೆ ಸಿಗ್ತೈತಿ, ಅದಕ್ಕ ಎಲ್ಲರ ಕಣ್ಣು ಅದರ ಮ್ಯಾಲ. ಲ್ಯಾಬಿನಾಗ ಡಿಸ್ಟಿಲ್ಡ್ ವಾಟರಿಗೆ ಸೋಡಿಯಂ ಫ್ಲೋರೈಡ್ ಹಾಕಿ ಟೆಸ್ಟ್ ಮಾಡಿದ್ರ ಚಂದಾನ ಚಂದ ರಿಸಲ್ಟ್ ಬರ್ತೈತಿ, ನಮ್ಮ ಬೋರ್ ನೀರು ಹಾಕ್ರಿ ನೋಡೋಣ, ಬೈಕಾರ್ಬೊನೇಟ್ ಬಂದು ಜಾಗಾ ಹಿಡ್ಕೊಂಡು ಕುಂದಿರ್ತೈತಿ. ಫ್ಲೋರೈಡ್ ಹೀರ್ಕೊಳ್ಳೋ ಆಕ್ಟಿವೇಟೆಡ್ ಅಲ್ಯೂಮಿನಾ ಅನ್ನೋ ಹರಳಿಗೂ ಇದೇ ಹಾಡು, ಅದು ಚಲೋ ಕೆಲಸ ಮಾಡೋದು ಪಿಎಚ್ (ನೀರಿನ ಹುಳಿ-ಕ್ಷಾರದ ಅಳತಿ) ಆರರ ಆಸುಪಾಸು ಇದ್ರ, ನಮ್ಮ ನೀರು ಏಳೂವರಿ, ಎಂಟು. ಮತ್ತ ಅದು ತುಂಬಿದ ಮ್ಯಾಲ ಕಾಸ್ಟಿಕ್ ಸೋಡಾ, ಆಸಿಡ್ ಹಾಕಿ ತೊಳೀಬೇಕು, ತೊಳೆದ ನೀರು ಎಲ್ಲಿ ಚೆಲ್ಲೋದು ಅನ್ನೋದು ಇನ್ನೊಂದು ತಲಿಬ್ಯಾನಿ. ನಾಗಪುರದ ನೀರಿ ಸಂಸ್ಥೆಯವ್ರು ಮಾಡಿದ ನಲಗೊಂಡ ವಿಧಾನ ಐತಲ್ಲ, ಪಟಕ ಸುಣ್ಣ ಹಾಕಿ ಕದಡಿ ತಿಳಿ ನೀರು ತಗಿಯೋದು, ಅದು ಅಗ್ಗ, ಬಕೆಟ್ಟಿನಾಗೂ ಆಗ್ತೈತಿ. ಆದ್ರ ಪಟಕದ ಅಳತಿ ನೀರಿನ ಆಲ್ಕಲಿನಿಟಿ (ಕ್ಷಾರದ ಪ್ರಮಾಣ) ನೋಡಿ ಹಾಕ್ಬೇಕು, ಹೆಚ್ಚುಕಡಿಮಿ ಆದ್ರ ನೀರಾಗ ಅಲ್ಯೂಮಿನಿಯಂ ಉಳೀತೈತಿ, ಮತ್ತ ದಿನಾ ಮುಂಜಾನೆ ಹೊಲಕ್ಕ ಓಡೋ ಹೆಣಮಗಳಿಗೆ ಇದನ್ನ ಮಾಡು ಅಂತ ಯಾವ ಬಾಯಲೆ ಹೇಳೋದು.

ಆರ್‌ಒ ಘಟಕ (ಮೆಂಬ್ರೇನ್ ಅನ್ನೋ ಸಣ್ಣ ಪೊರಿಯಾಗ ನೀರು ಸೋಸೋದು) ಫ್ಲೋರೈಡ್ ತೆಗೀತೈತಿ, ಅದ್ರಾಗ ಅನುಮಾನಿಲ್ಲ. ಪ್ರಶ್ನೆ ಇರೋದು ವರ್ಷದಾಗ ಎಷ್ಟು ದಿನ ಅದು ನಡೀತೈತಿ, ಮೆಂಬ್ರೇನ್ ಯಾವಾಗ ಬದಲಿಸ್ಯಾರ, ಕರೆಂಟ್ ಇಲ್ಲದ ದಿನ ಜನ ಎಲ್ಲಿಂದ ನೀರು ತರ್ತಾರ, ರಿಜೆಕ್ಟ್ ನೀರು, ಅಂದ್ರ ಸೋಸಿ ಉಳಿದ ಹೊಲಸು ನೀರು, ಎಲ್ಲಿ ಹೋಗ್ತೈತಿ. ಅರ್ಧ ನೀರು ಶುದ್ಧ ಆಗಿ ಅರ್ಧ ರಿಜೆಕ್ಟ್ ಆದ್ರ ಆ ರಿಜೆಕ್ಟಿನಾಗ ಫ್ಲೋರೈಡ್ ಹೆಚ್ಚೂಕಡಿಮಿ ಡಬಲ್, ಅದು ಘಟಕದ ಬಾಜೂಕ ಇರೋ ಚರಂಡಿಗೆ ಹೋಗಿ ಅದೇ ನೆಲಕ್ಕ ಇಂಗ್ತೈತಿ. ಇದನ್ನ ಅಳಿಯೋದು ಸಾಯಿಲ್ ಅಂಡ್ ವಾಟರ್ ಇಂಜಿನಿಯರಿಂಗ್ ಓದಿದವ್ರ ಕೆಲಸ ಅಲ್ದ ಮತ್ಯಾರ್ದು?

ಎಲ್ಲಕ್ಕಿಂತ ದೊಡ್ಡದು, ನನಗ ಭಾಳ ದಿನದಿಂದ ತಲಿಯಾಗ ಕೊರಿಯೋದು, ಹೊಲದಾಗಿನ ನೀರು. ಮನ್ಯಾಗ ಕ್ಯಾನ್ ನೀರು ಇರಬಹುದು, ಸಾಲ್ಯಾಗ ಫಿಲ್ಟರ್ ಇರಬಹುದು, ಆದ್ರ ಹತ್ತಿ ಬಿಡಿಸಾಕ, ಮೆಣಸಿನಕಾಯಿ ಹರಿಯಾಕ ಹೋದವ್ರು ದಿನಪೂರ್ತಿ ಕುಡಿಯೋದು ಹೊಲದ ಪಂಪ್‌ಸೆಟ್ ನೀರು, ಆ ಬೋರನ್ನ ಯಾರೂ ಟೆಸ್ಟ್ ಮಾಡಿರಂಗಿಲ್ಲ ಯಾಕಂದ್ರ ಅದು ಕುಡಿಯೋ ನೀರಿನ ಲಿಸ್ಟಿನಾಗ ಇಲ್ಲ. ರಾಯಚೂರು ಬಿಸಿಲಿನಾಗ ಐದು ಲೀಟರ್ ಕುಡಿಯೋರು ಅದಾರ. 1.5 ಇರೋ ನೀರು ಎರಡು ಲೀಟರ್ ಕುಡಿದ್ರ 3 ಮಿಲಿಗ್ರಾಂ, ಐದು ಲೀಟರ್ ಕುಡಿದ್ರ 7.5. ನೀರಿನ ರೀಡಿಂಗ್ ಒಂದೇ, ಮೈಗೆ ಹೋಗಿದ್ದು ಎರಡೂವರಿ ಪಟ್ಟು. ಇದಕ್ಕ ಅಮೆರಿಕದವ್ರು 1962ರಾಗ ಸೆಕೆ ಜಾಸ್ತಿ ಇರೋ ಊರಿಗೆ ಕಡಿಮಿ, ತಂಪಿನ ಊರಿಗೆ ಜಾಸ್ತಿ ಅಂತ ಕುಡಿಯೋ ನೀರಾಗ ಲೀಟರಿಗೆ 0.7ರಿಂದ 1.2 ಮಿಲಿಗ್ರಾಂ ಫ್ಲೋರೈಡಿನ ಲೆಕ್ಕ ಹಾಕಿದ್ರು. ಮ್ಯಾಲ ಜ್ವಾಳದ ಹಿಟ್ಟು ನಾದೋದು, ಬ್ಯಾಳಿ ಕುದಿಸೋದು, ಚಾ ಮಾಡೋದು ಅದೇ ನೀರಿಲೆ, ಚಾದಪುಡಿಯಾಗ ಮೊದ್ಲ ಫ್ಲೋರೈಡ್ ಇರ್ತೈತಿ. ಕುದಿಸಿದ್ರ ಹೋಗ್ತೈತಿ ಅಂತ ಅಂದ್ಕೊಂಡೋರು ಭಾಳ ಮಂದಿ, ಹೋಗಂಗಿಲ್ಲ, ನೀರು ಆವಿ ಆಗಿ ಉಳಿದದ್ರಾಗ ಇನ್ನೂ ಗಟ್ಟಿ ಆಗ್ತೈತಿ.

ಮಳಿ ನೀರಿಂದು ಒಂದು ಲೆಕ್ಕ ಹೇಳ್ತೀನಿ, ನೀವ ತಿದ್ರಿ. 50 ಚದರ ಮೀಟರ್ ಆರ್‌ಸಿಸಿ ಮಾಳಗಿ, ವರ್ಷಕ್ಕ 600 ಮಿಲಿಮೀಟರ್ ಮಳಿ, ನೂರಕ್ಕ ಎಂಬತ್ತು ಸಿಕ್ತು ಅಂತ ಹಿಡೀರಿ, 24,000 ಲೀಟರ್. ಐದು ಮಂದಿಗೆ ಕುಡಿಯಾಕ ಅಡಿಗಿಗೆ ಅಷ್ಟ ಅಂದ್ರ ದಿನಕ್ಕ 25 ಲೀಟರ್, ವರ್ಷಕ್ಕ 9,125. ಜಳಕಕ್ಕ, ಬಟ್ಟಿಗೆ ಬೋರ್ ನೀರೇ ನಡೀತೈತಿ, ಫ್ಲೋರೈಡ್ ಚರ್ಮದಿಂದ ಹೋಗಿ ತ್ರಾಸ ಕೊಡಂಗಿಲ್ಲ. ಅಂದ್ರ ನೀರು ಸಾಲ್ತೈತಿ, ಸಾಲದ್ದು ಟಾಕಿ. ಮಳಿ ಇಲ್ಲದ ಏಳು ತಿಂಗಳು ದಾಟಾಕ ಐದು ಸಾವಿರ ಲೀಟರ್ ಮ್ಯಾಲ ಟಾಕಿ ಬೇಕು, ಮತ್ತ ನಮ್ಮ ಹಳೇ ಮನಿಗಳು ಮಣ್ಣಿನ ಮಾಳಗಿ, ಅದರ ನೀರು ಕೆಂಪಗ ಬರ್ತೈತಿ. ಮಣ್ಣಿನ ಮಾಳಗಿ ಮನಿಗೆ ಹೆಂಗ ಮಾಡ್ಬೇಕು, ಎಷ್ಟು ಖರ್ಚಿನಾಗ, ಅದನ್ನ ಡಿಸೈನ್ ಮಾಡಿದ್ರ ನಿಮ್ಮ ಕೊನೇ ವರ್ಷದ ಪ್ರಾಜೆಕ್ಟ್ ಅಲ್ಲೇ ಆತು. ಕೃಷಿ ಹೊಂಡದ ನೀರು ಇಂಗಿಸಿ ಬೋರಿನ ಫ್ಲೋರೈಡ್ ಇಳಿಸಬಹುದೇನು ಅನ್ನೋದೂ ನೋಡಬಹುದು, ಆದ್ರ ಒಂದು ವರ್ಷದಾಗ ಉತ್ತರ ಸಿಗೋ ಕೆಲಸಲ್ಲ ಅದು, ಆಸೆ ಪಡಬ್ಯಾಡ್ರಿ.

ಎಂಬಿಬಿಎಸ್ ಗೆಳೆಯನಿಗೆ ಕೆಲಸ ಕಡಿಮಿ ಅಂತಲ್ಲ, ಆದ್ರ ಹುಷಾರಾಗಿರಾಕ ಹೇಳ್ರಿ. ಭಾರತದಾಗ ಎಲುಬಿನ ಫ್ಲೋರೋಸಿಸ್ ಮೊದ್ಲು ವರದಿ ಆಗಿದ್ದು 1937ರಾಗ ನೆಲ್ಲೂರು ಜಿಲ್ಲಾದಿಂದ. ಬಗ್ಗಿ ಕಾಲಬೆರಳು ಮುಟ್ಟೋದು, ಗದ್ದ ಎದಿಗೆ ಹಚ್ಚೋದು, ಕೈ ತಲಿ ಹಿಂದ ತರೋದು, ಈ ಮೂರು ಪರೀಕ್ಷಾ ಕ್ಯಾಂಪಿನಾಗ ಮಾಡ್ತಾರ, ಸ್ಕ್ರೀನಿಂಗಿಗೆ ಓಕೆ. ಆದ್ರ ಅರವತ್ತು ದಾಟಿದ ರೈತನ ಮೊಣಕಾಲ ಬ್ಯಾನಿ ಎಲ್ಲಾ ಫ್ಲೋರೈಡಿಗೆ ಬರದ್ರ ಯಾರೂ ನಂಬಂಗಿಲ್ಲ, ಅದು ಸವಕಲು ಕೀಲೂ ಇರಬಹುದು. ಮುಂಗೈ ಎಕ್ಸ್‌ರೇದಾಗ ಎರಡು ಎಲುಬಿನ ನಡುವಿನ ಪೊರಿ ಸುಣ್ಣಗಟ್ಟಿದ್ದು ಕಾಣ್ತೈತೇನು ನೋಡ್ಬೇಕು, ಜೊತಿಗೆ ಮೂತ್ರದ ಫ್ಲೋರೈಡ್. ಫ್ಲೋರೈಡಿನಿಂದ ಐಕ್ಯೂ, ಥೈರಾಯ್ಡ್ ಕೆಡ್ತೈತೇನು ಅನ್ನೋ ಗೊಂದಲಕ್ಕ ಈ ಪ್ರಾಜೆಕ್ಟಿನಾಗ ಕೈ ಹಾಕಬ್ಯಾಡ್ರಿ.

ನಿಮ್ಮ ಸರ್ ಮತ್ತ "ಇದು ಇಂಜಿನಿಯರಿಂಗ್ ಅಲ್ಲ" ಅಂದ್ರ ಒಂದು ಹಳೇ ಕಥಿ ಹೇಳ್ರಿ. ಫ್ರೆಡರಿಕ್ ಮೆಕೇ ಅನ್ನೋ ಡೆಂಟಿಸ್ಟ್ 1901ರಾಗ ಕೊಲರಾಡೋ ಸ್ಪ್ರಿಂಗ್ಸ್‌ಗೆ ಹೋದಾಗ ಊರ ಮಂದಿ ಹಲ್ಲೆಲ್ಲಾ ಕಂದು ಕಂಡು ಹಿಂದ ಬಿದ್ದ, ನೀರಾಗ ಏನೋ ಐತಿ ಅಂತ ಅನುಮಾನ ಬಂತು, ಆದ್ರ ಏನು ಅಂತ ಸಿಗ್ಲಿಲ್ಲ. ಅದು ಸಿಕ್ಕಿದ್ದು 1931ರಾಗ, ಹಿಡಿದವನು ಡಾಕ್ಟರಲ್ಲ, ಅಲ್ಯೂಮಿನಿಯಂ ಕಂಪನಿಯ ಕೆಮಿಸ್ಟ್ ಚರ್ಚಿಲ್. ಮೂವತ್ತು ವರ್ಷ ಹಲ್ಲು ನೋಡೋರು ಒಬ್ಬರ ಒದ್ದಾಡ್ಯಾರ.

ಕೊನೀಗೆ ಕೆಲಸದ ಮಾತು. ಮಕ್ಕಳ ಬಾಯಿ ನೋಡೋಕಿಂತ ಮೊದ್ಲು ಎಥಿಕ್ಸ್ ಕಮಿಟಿ ಅನುಮತಿ ಬೇಕ ಬೇಕು, ತಂಗಿ ಕಾಲೇಜಿನಾಗ ಕಮಿಟಿ ಇರ್ತೈತಿ, ಅಲ್ಲಿಂದ ಅರ್ಜಿ ಹಾಕ್ಸ್ರಿ. ತಂದಿತಾಯಿ ಒಪ್ಪಿಗಿ ಪತ್ರ ಕನ್ನಡದಾಗ ಇರ್ಲಿ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ನಿಯಮದ ಪ್ರಕಾರ ಏಳರಿಂದ ಹನ್ನೆರಡರ ಮಕ್ಕಳದ್ದು ಬಾಯಿಮಾತಿನ ಒಪ್ಪಿಗಿ, ಅದಕ್ಕಿಂತ ದೊಡ್ಡವ್ರದ್ದು ಬರವಣಿಗಿದು. ನೀರು ಪ್ಲಾಸ್ಟಿಕ್ ಬಾಟ್ಲಿಯಾಗ ತರ್ರಿ, ಗಾಜಿನದ್ರಾಗ ಬ್ಯಾಡ. ಲ್ಯಾಬಿನಾಗ ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್ (ಫ್ಲೋರೈಡ್ ನೇರ ಅಳಿಯೋ ಕಡ್ಡಿ) ಐತೇನು ಮೊದ್ಲ ಕೇಳ್ರಿ, ಪಟಕ ಹಾಕಿದ ನೀರಿಗೆ ಬಣ್ಣದ ಟೆಸ್ಟ್ ಮಾಡಿದ್ರ ಅಲ್ಯೂಮಿನಿಯಂ ರೀಡಿಂಗ್ ಕೆಡಿಸ್ತೈತಿ. ಸ್ಯಾಂಪಲ್ ಎರಡು ಸಲ, ಮೇ ತಿಂಗಳಾಗ ಒಮ್ಮೆ, ಮಳಿ ಮುಗಿದ ಮ್ಯಾಲ ಅಕ್ಟೋಬರ್-ನವೆಂಬರಿನಾಗ ಒಮ್ಮೆ. ಕಾಲುವಿ ಬಂದ್ ಇರೋ ಬೇಸಿಗ್ಯಾಗ ಕಾಲುವಿ ಊರಿನವ್ರೂ ಬೋರಿಗೆ ಬರ್ತಾರ, ಅದನ್ನ ಬಿಡಬ್ಯಾಡ್ರಿ. ಊರು ಯಾವುದು ಅಂತ ನಿಕ್ಕಿ ಮಾಡಿದ ಮ್ಯಾಲ ಇಲ್ಲೇ ಕಾಮೆಂಟಿನಾಗ ಹಾಕ್ರಿ, ಡೀನ್ಸ್ ಇಂಡೆಕ್ಸ್ ಹಚ್ಚೋದು ಫೋಟೋ ನೋಡಿ ಕಲಿಸ್ತೀನಿ.