ತನಗೆ ಒಪ್ಪಿಗೆ ಇಲ್ಲದ ರಾಷ್ಟ್ರಗೀತೆಯನ್ನ ರಾಜಕಾರಣಿ ಹಾಡಲೇಬೇಕಾ?

ಎದ್ದು ನಿಲ್ಲಲಿ, ಹಾಡೋದು ಅವರಿಷ್ಟ. ನನ್ನ ಉತ್ತರ ಇಷ್ಟೇ, ಆದ್ರೆ ಯಾಕೆ ಅಂತ ಹೇಳ್ತೀನಿ.

ಬ್ರಿಟನ್ನಿನ ಜೆರೆಮಿ ಕಾರ್ಬಿನ್ ಕಥೆ ಗೊತ್ತಿರ್ಬೇಕು. 2015ರ ಸೆಪ್ಟೆಂಬರ್ 15, ಲೇಬರ್ ಪಾರ್ಟಿ ಲೀಡರ್ ಆಗಿ ಮೂರೇ ದಿನ ಆಗಿತ್ತು, ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನಲ್ಲಿ ಎರಡನೇ ಮಹಾಯುದ್ಧದ ವಿಮಾನ ಕಾಳಗ ಬ್ಯಾಟಲ್ ಆಫ್ ಬ್ರಿಟನ್‌ಗೆ 75 ವರ್ಷ ಅಂತ ಪ್ರಾರ್ಥನೆ, ಎಲ್ರೂ 'ರಾಣಿಯನ್ನ ದೇವರು ಕಾಪಾಡಲಿ' ಅನ್ನೋ ಅಲ್ಲಿನ ರಾಷ್ಟ್ರಗೀತೆ ಹಾಡ್ತಿದ್ರೆ ಈ ಮನುಷ್ಯ ಬಾಯಿ ಮುಚ್ಕೊಂಡು ಸುಮ್ನೆ ನಿಂತಿದ್ರು. ರಾಜಮನೆತನವೇ ಬೇಡ ಅನ್ನೋರು ಇನ್ನೇನು ಮಾಡ್ಬೇಕಿತ್ತು? ಪೇಪರ್‌ನೋರು ಬಿಡ್ಲಿಲ್ಲ, ಹಿಡ್ಕೊಂಡು ಜಾಡಿಸಿದ್ರು.

ನಾನೂ ಅಲ್ಲಿ ಸಿಟಿಜನ್‌ಶಿಪ್ ತಗೊಂಡೋನು. ಕೌನ್ಸಿಲ್ ಹಾಲ್‌ನಲ್ಲಿ ರಾಣಿ ಫೋಟೋ ಮುಂದೆ ಸಾಲಾಗಿ ನಿಲ್ಸಿ ಸ್ಪೀಕರ್‌ನಲ್ಲಿ ಹಾಡು ಹಾಕಿದ್ರು, ನನಗೆ ಮೊದಲ ಸಾಲು ಬಿಟ್ರೆ ಬರಲ್ಲ, ಪಕ್ಕದೋರಿಗೆ ಅದೂ ಬರಲ್ಲ, ಮದುವೆ ಮನೇಲಿ ಪುರೋಹಿತರ ಹಿಂದೆ ಮಂತ್ರ ಗೊಣಗೋ ಹಾಗೆ ಇಬ್ರೂ ತುಟಿ ಅಲ್ಲಾಡಿಸಿದ್ವಿ. ಎಲ್ರೂ ಚಪ್ಪಾಳೆ ತಟ್ಟಿದ್ರು! ಅದಕ್ಕಿಂತ ಕಾರ್ಬಿನ್ ಸುಮ್ನೆ ನಿಂತಿದ್ದೇ ವಾಸಿ ಅನ್ಸುತ್ತೆ ಈಗ.

ಪ್ರಮಾಣವಚನದ ವಿಷಯ ಬೇರೆ, ಅದು ಕಾನೂನು. ಅಲ್ಲಿನ ಎಂಪಿಗಳು ದೇವರನ್ನ ಬಿಡಬಹುದು, ರಾಜನನ್ನ ಬಿಡೋ ಹಾಗಿಲ್ಲ. 2024ರಲ್ಲಿ ಕ್ಲೈವ್ ಲೂಯಿಸ್ ಅನ್ನೋ ಎಂಪಿ ರಾಜನ 'ವಾರಸುದಾರರಿಗೂ ನಿಷ್ಠೆ' ಅನ್ನೋ ಭಾಗ ನುಂಗಿದ್ದಕ್ಕೆ ಮತ್ತೆ ಕರೆಸಿ ಪೂರ್ತಿ ಹೇಳಿಸಿದ್ರು. ಐರ್ಲೆಂಡಿನ ಶಿನ್ ಫೇನ್ ಪಾರ್ಟಿಯೋರು ಆ ಮಾತೇ ಬೇಡ ಅಂತ ಗೆದ್ದರೂ ಬ್ರಿಟನ್ ಪಾರ್ಲಿಮೆಂಟಿಗೆ ಹೋಗಿ ಕೂರಲ್ಲ, ಸಂಬಳಾನೂ ಇಲ್ಲ. ನಂಬಿಕೆಗೆ ಕೈಯಿಂದ ಬೆಲೆ ಕೊಡೋರು ಅಂದ್ರೆ ಇವರು, ರಾಜಕೀಯ ಒಪ್ಪದಿದ್ರೂ ಇದನ್ನ ಒಪ್ಪಬೇಕು.

ನಮ್ಮಲ್ಲಿ 1986ರಲ್ಲೇ ಸುಪ್ರೀಂ ಕೋರ್ಟ್ ಈ ಗಂಟು ಬಿಡಿಸಿದೆ. ಕೇರಳದ ಮೂರು ಮಕ್ಕಳು, ಯೆಹೋವನ ಸಾಕ್ಷಿಗಳು ಅನ್ನೋ ಕ್ರೈಸ್ತ ಪಂಗಡದೋರು, ಸ್ಕೂಲಲ್ಲಿ ಜನ ಗಣ ಮನಕ್ಕೆ ಎದ್ದು ನಿಲ್ತಿದ್ರು, ಹಾಡ್ತಿರ್ಲಿಲ್ಲ, ಸ್ಕೂಲಿಂದ ತೆಗೆದಿದ್ರು. ಮರ್ಯಾದೆಯಾಗಿ ನಿಂತಿದ್ದಾರೆ, ಹಾಡದಿದ್ರೆ ಅವಮಾನ ಅಲ್ಲ ಅಂತ ಕೋರ್ಟ್ ಹೇಳಿ ವಾಪಸ್ ಸೇರಿಸ್ಕೊಳ್ಳೋಕೆ ಹೇಳ್ತು. ಮಕ್ಕಳಿಗೆ ಸರಿ ಅನ್ಸಿದ್ದು ಎಂಪಿಗೆ ಯಾಕೆ ತಪ್ಪು?

ಓಟು ಬೇಕಾದ್ರೆ ಹಾಡಿಬಿಡಲಿ ಏನೀಗ ಅಂತೀರಾ? ಅದೂ ಸಾಲಲ್ಲ. ಅದೇ 2015ರ ನವೆಂಬರ್‌ನಲ್ಲಿ ಕಾರ್ಬಿನ್, ಯುದ್ಧದಲ್ಲಿ ಸತ್ತೋರ ನೆನಪಿಗೆ ಅಲ್ಲಿ ಹಾಕ್ಕೊಳ್ಳೋ ಕೆಂಪು ಪಾಪಿ ಹೂ ಚುಚ್ಕೊಂಡು ಯುದ್ಧ ಸ್ಮಾರಕಕ್ಕೆ ಹೋಗಿ ತಲೆ ಬಗ್ಗಿಸಿದ್ರು. ಸರಿಯಾಗಿ ಬಗ್ಗಲಿಲ್ಲ ಅಂತ ಅದಕ್ಕೂ ಬೈದ್ರು.