ಬಡವರಲ್ಲ, ಸಾಹೇಬರೂ ಅಲ್ಲ. ಬಿಪಿ ಮಾತ್ರ ಏರುತ್ತಿದೆ

ಪ್ರಶ್ನೆ: ಡಾಕ್ಟರಮ್ಮಾ, ನಾನು ತಾಲ್ಲೂಕು ಕಚೇರಿಯೊಂದರಲ್ಲಿ ಎಸ್‌ಡಿಎ. ವಯಸ್ಸು 46. ಬೀಡಿ, ಸಿಗರೇಟು, ಕುಡಿತ ಯಾವುದೂ ಇಲ್ಲ. ಆದರೂ ಬಿಪಿ 150/96 ಬಂದಿದೆ. ಹಿಂದಿನ ಸಂಚಿಕೆಯಲ್ಲಿ ನೀವು, ಆದಾಯದ ಅಂತರಕ್ಕೂ ಜನರ ಆರೋಗ್ಯಕ್ಕೂ ನಂಟಿದೆ ಎಂದು ಬರೆದಿದ್ದಿರಿ. ಬಡವರಿಗೆ ಕಾಯಿಲೆ ಜಾಸ್ತಿ ಅನ್ನುವುದು ಗೊತ್ತಿರುವುದೇ. ತಿಂಗಳಾದರೆ ಸಂಬಳ ಕಾಣುವ ನಮ್ಮಂಥವರಿಗೆ ಅದು ಹೇಗೆ ತಟ್ಟುತ್ತದೆ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಬಿಪಿ ವಿಷಯ ಮುಗಿಸೋಣ. ಒಂದೇ ಸಲ ನೋಡಿದ್ದನ್ನು ನಂಬಿ ಕೂರಬೇಡಿ. ಐದು ನಿಮಿಷ ಸುಮ್ಮನೆ ಕೂತು, ಬೇರೆ ಬೇರೆ ದಿನ ಎರಡು ಮೂರು ಸಲ ನೋಡಿಸಿ. ಆಗಲೂ ಇಷ್ಟೇ ಇದ್ದರೆ, ವೈದ್ಯರು ಬರೆದುಕೊಟ್ಟ ಮಾತ್ರೆಗೆ ಹಿಂದೇಟು ಹಾಕಬೇಡಿ. ಉಪ್ಪಿನಕಾಯಿ, ಹಪ್ಪಳಕ್ಕೆ ಕೈ ಬಿಗಿ ಹಿಡಿಯಿರಿ.

ಇನ್ನು ನಿಮ್ಮ ಪ್ರಶ್ನೆ. ಅದಕ್ಕೆ ಒಳ್ಳೆಯ ಉತ್ತರ ಸಿಕ್ಕಿರುವುದು ನಿಮ್ಮಂಥವರಿಂದಲೇ, ಅಂದರೆ ಲಂಡನ್ನಿನ ಸರ್ಕಾರಿ ನೌಕರರಿಂದ. ಅಲ್ಲಿನ ಸರ್ಕಾರಿ ಕಚೇರಿಗಳ ಬೀದಿಯ ಹೆಸರು ವೈಟ್‌ಹಾಲ್. 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಸುಮಾರು 18 ಸಾವಿರ ಗಂಡಸು ನೌಕರರ ಆರೋಗ್ಯವನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಇವರಲ್ಲಿ ಯಾರೂ ಗಣಿಯಲ್ಲಿ ಕಲ್ಲು ಒಡೆಯುವವರಲ್ಲ, ಹೊಟ್ಟೆಗಿಲ್ಲದವರಲ್ಲ; ಎಲ್ಲರಿಗೂ ಕಾಯಂ ನೌಕರಿ, ಎಲ್ಲರಿಗೂ ಸರ್ಕಾರದ ಉಚಿತ ವೈದ್ಯಸೇವೆ. ಆದರೂ ಕಡತ ಹೊರುವ ಜವಾನರು, ಬಾಗಿಲು ಕಾಯುವವರ ಸಾವಿನ ಪ್ರಮಾಣ ಅತಿ ಮೇಲಿನ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು!

ನಾನು ಮೆಡಿಕಲ್ ಕಾಲೇಜಿನಲ್ಲಿ ಈ ಪಾಠ ಮಾಡುವಾಗ ಹುಡುಗರು ತಪ್ಪದೆ ಕೇಳುತ್ತಿದ್ದರು: ‘ಟೆನ್ಷನ್ ಇರೋದು ದೊಡ್ಡ ಸಾಹೇಬರಿಗಲ್ವಾ ಮೇಡಂ?’ ಜನರ ನಂಬಿಕೆಯೂ ಹಾಗೇ ಇತ್ತು. ಹೃದಯಾಘಾತ ಎಂದರೆ ದೊಡ್ಡವರ ಕಾಯಿಲೆ ಎಂದು. ಲೆಕ್ಕ ಉಲ್ಟಾ ಬಂತು. ಕೆಳಗಿನವರು ಸಿಗರೇಟು ಜಾಸ್ತಿ ಸೇದುತ್ತಿದ್ದರು, ನಿಜ. ಆದರೆ ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಕಳೆದು ನೋಡಿದರೂ ವ್ಯತ್ಯಾಸದ ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿಯಿತು. ನಿಮಗೆ ಬೇಕಾದ ಮಾತು ಇದಕ್ಕಿಂತ ಮುಖ್ಯ: ಇದು ಬರೀ ಜವಾನರ ಕಥೆಯಾಗಿರಲಿಲ್ಲ. ಮೇಲಿನಿಂದ ಎರಡನೇ ದರ್ಜೆಯವರು, ಅಂದರೆ ಒಳ್ಳೆಯ ಸಂಬಳದ ಅಧಿಕಾರಿಗಳು ಕೂಡ, ಮೊದಲ ದರ್ಜೆಯವರಿಗಿಂತ ಬೇಗ ಸಾಯುತ್ತಿದ್ದರು. ಒಂದೊಂದು ಮೆಟ್ಟಿಲಿಗೂ ಆಯಸ್ಸು ಇಷ್ಟಿಷ್ಟೇ ಇಳಿಯುತ್ತಿತ್ತು.

ಕಾರಣ ಹುಡುಕಲು ಸಂಶೋಧಕ ವೈದ್ಯ ಮೈಕೆಲ್ ಮಾರ್ಮಟ್ ನೇತೃತ್ವದಲ್ಲಿ 1985ರಲ್ಲಿ ಎರಡನೇ ಅಧ್ಯಯನ ನಡೆಯಿತು. ಈ ಸಲ ಹೆಂಗಸರೂ ಸೇರಿ 10,308 ಜನ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸುವ ಅಧಿಕಾರ ತನ್ನ ಕೈಯಲ್ಲಿಲ್ಲದ ನೌಕರನಿಗೆ ಹೃದಯದ ಕಾಯಿಲೆ ಹೆಚ್ಚು ಎಂಬುದು ಅಲ್ಲಿ ಎದ್ದು ಕಂಡಿತು. ನನಗೆ ಬಹಳ ಹಿಡಿಸಿದ್ದು ಮೊದಲ ಅಧ್ಯಯನದವರ ಬಿಪಿ ಲೆಕ್ಕ. ಕಚೇರಿಯಲ್ಲಿ ಸಾಹೇಬರಿಗೂ ಗುಮಾಸ್ತರಿಗೂ ಹೆಚ್ಚುಕಡಿಮೆ ಒಂದೇ ಬಿಪಿ. ಮನೆಗೆ ಹೋದ ಮೇಲೆ ಸಾಹೇಬರದು ಚೆನ್ನಾಗಿ ಇಳಿಯುತ್ತಿತ್ತು, ಗುಮಾಸ್ತರದು ಅಷ್ಟು ಇಳಿಯುತ್ತಿರಲಿಲ್ಲ. ಸಂಜೆ ಆರಕ್ಕೆ ‘ನಾಳೆ ಬೆಳಿಗ್ಗೆ ವರದಿ ಬೇಕು’ ಎಂದು ವಾಟ್ಸಾಪಿನಲ್ಲಿ ಅಪ್ಪಣೆ ಪಡೆಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದು ಒಬ್ಬೊಬ್ಬರ ಮೆಟ್ಟಿಲಿನ ಮಾತಾಯಿತು. ಇಡೀ ಸಮಾಜದಲ್ಲಿ ಅಂತರ ಹಿಗ್ಗಿದರೆ? ಇಲ್ಲಿ ಸರಳವಾದ ಲೆಕ್ಕವೊಂದಿದೆ. ತಿಂಗಳಿಗೆ ಐದು ಸಾವಿರ ಹೆಚ್ಚು ಸಿಕ್ಕರೆ ಕೂಲಿಯವರ ಮನೆಗೆ ಮೊಟ್ಟೆ, ಹಾಲು ಬರುತ್ತದೆ, ಮಗುವಿನ ಜ್ವರಕ್ಕೆ ಅದೇ ದಿನ ಔಷಧಿ ಬರುತ್ತದೆ. ಅದೇ ದುಡ್ಡು ಕಾರ್ಖಾನೆ ಮಾಲೀಕರ ಆಯಸ್ಸಿಗೆ ಏನನ್ನೂ ಸೇರಿಸುವುದಿಲ್ಲ. ಬಡ ದೇಶಗಳಲ್ಲಿ ಆದಾಯ ಸ್ವಲ್ಪ ಏರಿದರೂ ಆಯಸ್ಸು ಜಿಗಿಯುತ್ತದೆ, ಶ್ರೀಮಂತ ದೇಶಗಳಲ್ಲಿ ಅಷ್ಟಾಗಿ ಏರುವುದಿಲ್ಲ ಎಂದು ಜನಸಂಖ್ಯಾ ತಜ್ಞ ಸ್ಯಾಮ್ಯುಯಲ್ ಪ್ರೆಸ್ಟನ್ 1975ರಲ್ಲೇ ತೋರಿಸಿದ್ದರು. ಹಾಗಾಗಿ ಸರಾಸರಿ ಆದಾಯ ಒಂದೇ ಇದ್ದರೂ, ದುಡ್ಡು ಮೇಲುಗಡೆಯೇ ಗುಡ್ಡೆ ಬಿದ್ದ ಊರಿನ ಸರಾಸರಿ ಆಯಸ್ಸು ಕಡಿಮೆ ಬರಬೇಕು. ಇದಕ್ಕೂ ಮೇಲೆ, ಅಂತರವೇ ಒಂದು ವಿಷವಾಗಿ ಶ್ರೀಮಂತರನ್ನೂ ಕಾಡುತ್ತದೆ ಎಂಬ ವಾದವಿದೆ. ಅದರ ಬಗ್ಗೆ ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ನನ್ನನ್ನು ಕೇಳಿದರೆ ಮೆಟ್ಟಿಲಿನ ಸಾಕ್ಷ್ಯ ಗಟ್ಟಿ, ಈ ಎರಡನೆಯದು ಅಷ್ಟು ಗಟ್ಟಿಯಲ್ಲ.

ಪ್ರಶ್ನೆ: ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿದ್ದೆ. ಅಷ್ಟೊಂದು ದುಡ್ಡು, ಅಷ್ಟು ದೊಡ್ಡ ಆಸ್ಪತ್ರೆಗಳು. ಆದರೂ ಜಪಾನಿನವರು ಅವರಿಗಿಂತ ಹೆಚ್ಚು ವರ್ಷ ಬದುಕುತ್ತಾರಂತೆ, ಯಾಕೆ?
– ಓದುಗರು, ಮೈಸೂರು

ಉತ್ತರ: ‘ಅಮೆರಿಕದವರ ಆಯಸ್ಸು’ ಎಂದು ಒಂದೇ ಅಂಕಿ ಹೇಳಿದರೆ ಏನೂ ತಿಳಿಯುವುದಿಲ್ಲ. 2016ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಲ್ಲಿನ ತೆರಿಗೆ ದಾಖಲೆಗಳನ್ನು ಸಾವಿನ ದಾಖಲೆಗಳ ಜೊತೆ ಹೊಂದಿಸಿ ನೋಡಿದರು. ಅತಿ ಶ್ರೀಮಂತ ಶೇ 1ರಷ್ಟು ಗಂಡಸರಿಗೂ ಅತಿ ಬಡ ಶೇ 1ರಷ್ಟು ಗಂಡಸರಿಗೂ ನಡುವೆ 14.6 ವರ್ಷದ ಅಂತರ, ಹೆಂಗಸರಲ್ಲಿ 10.1 ವರ್ಷ. ಕುತೂಹಲದ ಸಂಗತಿ ಎಂದರೆ, ನ್ಯೂಯಾರ್ಕಿನಂಥ ದುಬಾರಿ ನಗರದ ಬಡವರು ಡೆಟ್ರಾಯಿಟ್ ಬಡವರಿಗಿಂತ ಹೆಚ್ಚು ಬದುಕುತ್ತಾರೆ. ಬಡವರ ಆಯಸ್ಸಿಗೂ ಊರಿನ ಆದಾಯದ ಅಂತರಕ್ಕೂ ಅಲ್ಲಿ ಬಲವಾದ ನಂಟು ಕಾಣಲಿಲ್ಲ. ನಂಟು ಕಂಡಿದ್ದು ಊರಿನವರ ಸಿಗರೇಟು ಚಟದ ಜೊತೆ, ಪದವೀಧರರ ಸಂಖ್ಯೆಯ ಜೊತೆ ಮತ್ತು ಸ್ಥಳೀಯ ಆಡಳಿತ ಜನರಿಗಾಗಿ ಮಾಡುವ ಖರ್ಚಿನ ಜೊತೆ. ಆಸ್ಪತ್ರೆಯ ಕಟ್ಟಡ ನೋಡಿ ಊರಿನ ಆರೋಗ್ಯ ಅಳೆಯುವುದು ಅಲ್ಲಿಯೂ ಆಗದ ಮಾತು. ಮಗಳಿಗೂ ಮಗುವಿಗೂ ಒಳ್ಳೆಯದಾಗಲಿ.